ಹಳೆಯ ಬಳಪ, ಹೊಸ ಹಲಗೆ: ಮಕ್ಕಳ ಕಲಿಕೆಯನ್ನು ಕುರಿತು ಕೆಲವು ಮಾತುಗಳು

(ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಶಿಕ್ಷಣ ಗೋಷ್ಠಿಯಲ್ಲಿ ನಮ್ಮ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಮಾಡಿದ ಭಾಷಣ)



 ದೇವಾಲಯದ ಗೋಪುರದ ನೆರಳು ಬೆಳಗಿನ ಹೊತ್ತು ನಮ್ಮ ಶಾಲೆಯ ಅಂಗಳದ ಮೇಲೆ ಬೀಳುತ್ತದೆ. ಆ ನೆರಳಿನಲ್ಲಿ ನಾನು ವಿದ್ಯಾರ್ಥಿಯಾಗಿ ಆಡಿದೆ; ಶಿಕ್ಷಕನಾಗಿ ಗಂಟೆ ಬಾರಿಸಿದೆ; 2022ರಲ್ಲಿ ನಿವೃತ್ತನಾಗಿ ಹೊರಬಂದೆ. ಆದ್ದರಿಂದ ಇಂದು ನಾನು ಹೇಳುವುದು ಪಂಡಿತನ ಉಪನ್ಯಾಸವಲ್ಲ, ಆ ಅಂಗಳದಲ್ಲಿ ಸವೆದ ಕಾಲುಗಳ ಅನುಭವ ಎಂದು ತಾವು ಭಾವಿಸಬೇಕು.

ಶತಮಾನೋತ್ಸವದ ನೆನಪಿಗಾಗಿ ಶಾಲೆಗೆ ಒಂದು ಕಾಣಿಕೆಯನ್ನು ಕೊಡಬೇಕೆಂದು ಸಮಿತಿಯು ನಿರ್ಧರಿಸಿರುವುದು ನಿಮಗೆಲ್ಲ ತಿಳಿದೇ ಇದೆ. ಆ ಕಾಣಿಕೆ ಯಾವುದಾಗಿರಬೇಕು ಎಂಬ ವಿಷಯದಲ್ಲಿ ಮಾತ್ರ ಭಾನುವಾರದ ಪೂಜೆ ಮುಗಿದ ಮೇಲೆ ದೇವಾಲಯದ ಮುಂದೆ ಸೇರುವ ನಮ್ಮ ಜನರಲ್ಲಿ ಎರಡು ಪಕ್ಷಗಳಾಗಿವೆ. ತರಗತಿಗೊಂದರಂತೆ ಸ್ಮಾರ್ಟ್ ಬೋರ್ಡು ಹಾಕಿಸಿ, ಮಕ್ಕಳ ಕೈಗೆ ಟ್ಯಾಬ್ಲೆಟ್ ಕೊಡಿಸದಿದ್ದರೆ ನಮ್ಮ ಮಕ್ಕಳು ಹಿಂದೆ ಬೀಳುತ್ತಾರೆ ಎನ್ನುವುದು ಒಂದು ಪಕ್ಷ. ಯಂತ್ರಗಳಿಂದಲೇ ಮಕ್ಕಳು ಕೆಟ್ಟರು, ಮೊದಲಿನಂತೆ ಮಗ್ಗಿ, ಬಾಯಿಪಾಠ, ಕಾಪಿ ಬರವಣಿಗೆಗಳನ್ನು ತಂದರೆ ಸಾಕು ಎನ್ನುವುದು ಇನ್ನೊಂದು ಪಕ್ಷ. ಎರಡೂ ಪಕ್ಷದವರು ನನ್ನ ಮನೆಗೆ ಬಂದು ಕಾಫಿ ಕುಡಿದು ಹೋಗಿದ್ದಾರೆ. ಇಬ್ಬರೂ ನಾನು ತಮ್ಮ ಕಡೆಯವನೆಂದು ನಂಬಿದ್ದಾರೆ. ನಾನು ಇಂದು ತೀರ್ಪು ಕೊಡಲು ನಿಂತಿಲ್ಲ. ನನ್ನ ವೃತ್ತಿಜೀವನದ ಕೊನೆಯಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಂಡು, ಅದರಿಂದ ನಾನು ಕಲಿತದ್ದನ್ನು ಹೇಳಲು ಬಂದಿದ್ದೇನೆ. ಅದಕ್ಕೆ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗೋಣ.

ಹಿಂದಿನ ಕಾಲದಲ್ಲಿ ಶಿಕ್ಷಣಕ್ಕೆ ಯಂತ್ರೋಪಕರಣಗಳೇ ಇರಲಿಲ್ಲ ಎಂದು ನಾವು ಭಾವಿಸುವುದುಂಟು. ಅದು ನಿಜವಲ್ಲ. ನಮ್ಮ ನಾಡಿನ ಹಳೆಯ ಐಗಳ ಮಠಗಳಲ್ಲಿ ಮಗುವು ಮೊದಲು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಆಮೇಲೆ ಅದಕ್ಕೆ ಕಡತ ಸಿಗುತ್ತಿತ್ತು. ಇಂದು ಕಡತವೆಂದರೆ ಕಚೇರಿಯ ಫೈಲು ಎಂದಷ್ಟೇ ನಮಗೆ ಗೊತ್ತು. ಮೂಲದಲ್ಲಿ ಅದು ಗಂಜಿಯಲ್ಲಿ ಗಡುಸಾಗಿಸಿ, ಇದ್ದಿಲು ಬಳಿದು, ಮಡಿಕೆ ಮಡಿಕೆಯಾಗಿ ಮಡಚಿಟ್ಟ ಬಟ್ಟೆ. ಅದರ ಮೇಲೆ ಬಳಪದಿಂದ ಬರೆಯಬಹುದು, ಒರೆಸಬಹುದು, ಮತ್ತೆ ಬರೆಯಬಹುದು. ತಮ್ಮ ಕಾಲಕ್ಕೆ ಮರಳೂ ಕಡತವೂ ತಾಳೆಗರಿಯೂ ಉಪಕರಣಗಳೇ. ನಾನು ಕಲಿತ ಸ್ಲೇಟು ಒಂದು ಕಾಲದ ಹೊಸ ಉಪಕರಣವೇ. ಉಪಕರಣವಿಲ್ಲದ ವಿದ್ಯೆ ಯಾವ ಕಾಲದಲ್ಲಿಯೂ ಇರಲಿಲ್ಲ.

1822ರಲ್ಲಿ ಮದರಾಸಿನ ಗವರ್ನರ್ ಆಗಿದ್ದ ಸರ್ ಥಾಮಸ್ ಮನ್ರೋ ಅವರು ತಮ್ಮ ಆಧಿಪತ್ಯದ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಕಲಿಯುತ್ತಿದ್ದಾರೆ ಎಂದು ಲೆಕ್ಕ ಕೇಳಿದರು. ಆಗ ಬಳ್ಳಾರಿಯ ಕಲೆಕ್ಟರರಾಗಿದ್ದ ಎ. ಡಿ. ಕ್ಯಾಂಪ್ಬೆಲ್ ಅವರು 1823ರಲ್ಲಿ ಕಳುಹಿಸಿದ ವರದಿಯು ಇಂದಿಗೂ ಓದತಕ್ಕದ್ದು. ಆ ಜಿಲ್ಲೆಯಲ್ಲಿ 533 ಶಾಲೆಗಳು. ಅವುಗಳಲ್ಲಿ 235 ಕನ್ನಡವನ್ನೂ 226 ತೆಲುಗನ್ನೂ ಕಲಿಸುತ್ತಿದ್ದವು. ಒಟ್ಟು ವಿದ್ಯಾರ್ಥಿಗಳು 6,641. ಅಂದರೆ ಶಾಲೆಯೊಂದಕ್ಕೆ ಸುಮಾರು ಹನ್ನೆರಡು ಮಕ್ಕಳು. ಈ ಶಾಲೆಗಳಲ್ಲಿ ಮುಂದುವರಿದ ವಿದ್ಯಾರ್ಥಿಗಳು ಕಿರಿಯರಿಗೆ ಕಲಿಸುತ್ತಿದ್ದರು. ಹಾಗೆ ಕಲಿಸುವುದರಿಂದ ಅವರ ಸ್ವಂತ ವಿದ್ಯೆಯೂ ಗಟ್ಟಿಯಾಗುತ್ತಿತ್ತು. ಈ ಪದ್ಧತಿಯೂ ಇಷ್ಟು ಕಡಿಮೆ ವೆಚ್ಚದಲ್ಲಿ ಬರವಣಿಗೆ ಕಲಿಸುವ ರೀತಿಯೂ ಶ್ಲಾಘನೀಯವೆಂದೂ, ಇಂಗ್ಲೆಂಡಿನಲ್ಲಿ ಇವುಗಳ ಅನುಕರಣೆಯಾದದ್ದು ಯುಕ್ತವೆಂದೂ ಕ್ಯಾಂಪ್ಬೆಲ್ ಅವರು ಬರೆದರು.

ಇಂಗ್ಲೆಂಡಿನಲ್ಲಿ ಅನುಕರಣೆಯೆಂದರೇನು? ಮದರಾಸಿನ ಎಗ್ಮೋರಿನಲ್ಲಿ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಆಂಗ್ಲಿಕನ್ ಪಾದ್ರಿಗಳು, ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುತ್ತಿದ್ದುದನ್ನು ಕಂಡು ಅದನ್ನು ತಮ್ಮ ಶಾಲೆಗೆ ತಂದರು; ಹಿರಿಯ ಹುಡುಗರಿಂದ ಕಿರಿಯರಿಗೆ ಪಾಠ ಹೇಳಿಸಿದರು. 1797ರಲ್ಲಿ ಲಂಡನ್ನಿನಲ್ಲಿ ಆ ಪ್ರಯೋಗವನ್ನು ಕುರಿತು ಪುಸ್ತಕ ಪ್ರಕಟಿಸಿದರು. ಅದು 'ಮದ್ರಾಸ್ ಪದ್ಧತಿ' ಎಂದು ಹೆಸರಾಗಿ ಆ ದೇಶದ ಬಡಮಕ್ಕಳ ಶಾಲೆಗಳಲ್ಲೆಲ್ಲ ಹಬ್ಬಿತು. ನಾವು ಹಳೆಯದೆಂದು ಮೂಲೆಗಿಟ್ಟದ್ದನ್ನು ಪರರು ಹೊಸತೆಂದು ಕೊಂಡೊಯ್ದರು. ನಮ್ಮದನ್ನು ತಾತ್ಸಾರ ಮಾಡುವ ಮೊದಲನೆಯ ಪಕ್ಷದವರು ಇದನ್ನು ನೆನಪಿನಲ್ಲಿಡಬೇಕು.

ಆದರೆ ಹಳೆಯದೆಲ್ಲವೂ ಚಿನ್ನವೆನ್ನುವವರು ಅದೇ ವರದಿಯ ಇನ್ನೊಂದು ಭಾಗವನ್ನೂ ಓದಬೇಕು. ಆ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳೆಷ್ಟು? ಅರುವತ್ತು ಮಂದಿ ಮಾತ್ರ! ಒಂಬತ್ತು ಲಕ್ಷಕ್ಕೂ ಮೀರಿದ ಜನಸಂಖ್ಯೆಯಲ್ಲಿ ಸಾವಿರಕ್ಕೆ ಏಳು ಮಂದಿಯೂ ಶಾಲೆಯಲ್ಲಿರಲಿಲ್ಲ. ಓದುತ್ತಿದ್ದ ಮಕ್ಕಳು ಕೂಡ ಆಡುಮಾತಿಗಿಂತ ಬೇರೆಯಾದ ಕಾವ್ಯಭಾಷೆಯ ಪದ್ಯಗಳನ್ನು ಅರ್ಥ ತಿಳಿಯದೆಯೇ ಒಪ್ಪಿಸುತ್ತಿದ್ದರೆಂದು ಕ್ಯಾಂಪ್ಬೆಲ್ ಅವರು ವಿಷಾದದಿಂದ ಹೇಳಿದ್ದಾರೆ. ಬಾಯಿಗೆ ಬಂದದ್ದು ಬುದ್ಧಿಗೆ ಬರಲಿಲ್ಲವೆಂಬ ಈ ದೂರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಎರಡು ಶತಮಾನಗಳ ನಂತರ ಅದೇ ದೂರು ನನ್ನ ಶಾಲೆಯ ಬಾಗಿಲಿಗೆ ಬಂದು ನಿಂತಿತು.

ನಾನು 1968ರಲ್ಲಿ ಶಾಲೆಗೆ ಸೇರಿದೆ. ನಮ್ಮ ಓದು ಹೇಗಿತ್ತೆಂಬುದು ಇಲ್ಲಿರುವ ಹಿರಿಯರಿಗೆ ನೆನಪಿರಬೇಕು. ಮಧ್ಯಾಹ್ನದ ಕೊನೆಯ ಗಂಟೆಯಲ್ಲಿ ಇಡೀ ಶಾಲೆ ಒಟ್ಟಿಗೆ ನಿಂತು ಮಗ್ಗಿ ಹೇಳುತ್ತಿತ್ತು. ಕಾಲು, ಅರೆ, ಮುಕ್ಕಾಲರ ಮಗ್ಗಿಗಳೂ ಉಂಟು. ಸಂಜೆ ಉಪದೇಶಿಗಳು ಹುಣಸೆಮರದ ಕೆಳಗೆ ಕೂಡಿಸಿ ಜ್ಞಾನೋಪದೇಶವನ್ನು ಪ್ರಶ್ನೋತ್ತರವಾಗಿ ಹೇಳಿಸುತ್ತಿದ್ದರು. ಅವರು ಹೆಚ್ಚು ಓದಿದವರಲ್ಲ. ಆದರೆ ಪ್ರತಿಯೊಂದು ಮಗುವೂ ಎದ್ದು ನಿಂತು, ಅವರ ಮುಖ ನೋಡಿ, ತನ್ನ ಬಾಯಿಂದ ಒಪ್ಪಿಸದ ಹೊರತು ಮನೆಗೆ ಬಿಡುತ್ತಿರಲಿಲ್ಲ. ಒಪ್ಪಿಸಿದ ಮೇಲೆ, "ಇದರರ್ಥ ಏನು, ನಿನ್ನ ಮಾತಿನಲ್ಲಿ ಹೇಳು ಮಗು" ಎನ್ನುತ್ತಿದ್ದರು. ಆ ಎರಡನೆಯ ಪ್ರಶ್ನೆಗೆ ನಾವು ಹೆದರುತ್ತಿದ್ದೆವು. ಇಂದು ಯೋಚಿಸಿದರೆ ನಿಜವಾದ ಪಾಠವು ಆ ಎರಡನೆಯ ಪ್ರಶ್ನೆಯಲ್ಲಿಯೇ ಇತ್ತು. ಬೆತ್ತವೂ ಇತ್ತು, ಅದನ್ನು ನಾನು ಸಮರ್ಥಿಸುವುದಿಲ್ಲ. ಬೆತ್ತದ ಭಯಕ್ಕೆ ಶಾಲೆ ಬಿಟ್ಟು ದನ ಕಾಯಲು ಹೋದ ನನ್ನ ಸಹಪಾಠಿಗಳ ಮುಖಗಳು ಇನ್ನೂ ನನ್ನ ಕಣ್ಣ ಮುಂದಿವೆ.

ಹಾಗಾದರೆ ಹಳೆಯ ಪದ್ಧತಿಯಲ್ಲಿ ಉಳಿಸಿಕೊಳ್ಳಬೇಕಾದ ಸಾರವೇನು? ನನ್ನ ಅಲ್ಪಬುದ್ಧಿಗೆ ಮೂರು ಅಂಶಗಳು ತೋರುತ್ತವೆ. ಮೊದಲನೆಯದು, ಕಲಿತದ್ದನ್ನು ಪುಸ್ತಕ ಮುಚ್ಚಿ ಇನ್ನೊಬ್ಬರ ಎದುರು ಒಪ್ಪಿಸುವುದು. ಎರಡನೆಯದು, ಕೈಯಿಂದ ಬರೆಯುವುದು. ಮೂರನೆಯದು, ಹಿರಿಯ ಮಗು ಕಿರಿಯ ಮಗುವಿಗೆ ಕಲಿಸುವುದು. ಇವು ಕೇವಲ ಮುದುಕರ ಹಳಹಳಿಕೆಗಳಲ್ಲ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳಿಗಿಂತ, ಓದಿದ್ದನ್ನು ಮುಚ್ಚಿಟ್ಟು ನೆನಪಿನಿಂದ ಬರೆದ ವಿದ್ಯಾರ್ಥಿಗಳು ಒಂದು ವಾರದ ನಂತರ ಹೆಚ್ಚು ಜ್ಞಾಪಕವಿಟ್ಟುಕೊಂಡಿದ್ದರು. ಐದು ನಿಮಿಷದ ಬಳಿಕ ಕೇಳಿದಾಗ ಮಾತ್ರ ಮತ್ತೆ ಓದಿದವರದೇ ಮೇಲುಗೈ. ಬೇಗ ಬಂದದ್ದು ಬೇಗ ಹೋಗುತ್ತದೆ. ಕಷ್ಟಪಟ್ಟು ತೆಗೆದದ್ದು ಉಳಿಯುತ್ತದೆ. ನಮ್ಮ ಉಪದೇಶಿಗಳು ಪ್ರಯೋಗಶಾಲೆಯನ್ನು ಕಂಡವರಲ್ಲ. ಆದರೆ ಈ ಸತ್ಯವನ್ನು ಅನುಭವದಿಂದ ಬಲ್ಲವರಾಗಿದ್ದರು.

ಇನ್ನು ಯಂತ್ರಗಳ ವಿಷಯಕ್ಕೆ ಬರೋಣ. ಯಂತ್ರದ ಮೂಲಕ ಪಾಠವೆಂಬುದು ನಿನ್ನೆ ಮೊನ್ನೆಯದಲ್ಲ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ನೆರವಿನಿಂದ ನಮ್ಮ ದೇಶವು ಒಂದು ಮಹತ್ತರ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಪೆಟ್ಟಿಗೆಗಳು ಬಂದವು. ನಮ್ಮ ರಾಜ್ಯದಲ್ಲಿ ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಇದರಲ್ಲಿ ಸೇರಿದ್ದವು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರಿನವರಿಗೆ ಕನ್ನಡದಲ್ಲಿ ಕಾರ್ಯಕ್ರಮಗಳು. ಪಟ್ಟಣವನ್ನೇ ಕಾಣದ ಮಕ್ಕಳು ಲೋಕವನ್ನು ಕಂಡರು. ವರ್ಷ ಮುಗಿಯಿತು, ಎರವಲು ತಂದ ಉಪಗ್ರಹ ಹಿಂದಿರುಗಿತು. ನಂತರ 2004ರ ಸೆಪ್ಟೆಂಬರ್ 20ರಂದು ನಮ್ಮವರೇ ಶಿಕ್ಷಣಕ್ಕೆಂದು 'ಎಜುಸ್ಯಾಟ್' ಎಂಬ ಉಪಗ್ರಹವನ್ನು ಹಾರಿಸಿದರು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಮೊದಲ ಫಲವನ್ನು ಪಡೆದವುಗಳಲ್ಲಿ ಸೇರಿವೆ. 2010ರಲ್ಲಿ ಆ ಉಪಗ್ರಹದ ಸೇವೆಯೂ ಮುಗಿಯಿತು. ಇವು ವ್ಯರ್ಥವಾದವೆಂದು ನಾನು ಹೇಳುತ್ತಿಲ್ಲ. ಯಂತ್ರಕ್ಕೆ ಒಂದು ಆಯುಸ್ಸು ಇದೆ. ಅದು ಮುಗಿದ ಮೇಲೆಯೂ ತರಗತಿಯಲ್ಲಿ ಉಳಿಯುವವರು ಶಿಕ್ಷಕರು ಮತ್ತು ಮಕ್ಕಳು ಎಂಬುದಷ್ಟೇ ನನ್ನ ಮಾತು. ಯಂತ್ರವನ್ನು ಕೊಳ್ಳುವಾಗ, ಅದು ಕೆಟ್ಟು ನಿಂತ ದಿನ ಪಾಠ ಹೇಗೆ ನಡೆಯಬೇಕೆಂದು ಯೋಚಿಸದಿದ್ದರೆ ನಾವು ಕೊಂಡದ್ದು ಬರಿಯ ಪೆಟ್ಟಿಗೆ.

ಈಗ ನನ್ನ ತಪ್ಪಿನ ಕಥೆ.

2020ರ ಮಾರ್ಚಿಯಲ್ಲಿ ಮಹಾಮಾರಿಯಿಂದಾಗಿ ಶಾಲೆಗಳು ಮುಚ್ಚಿದವು. ಜುಲೈ ತಿಂಗಳಲ್ಲಿ ಸರ್ಕಾರವು 'ಸಂವೇದ' ಎಂಬ ಹೆಸರಿನಲ್ಲಿ ದೂರದರ್ಶನ ಚಂದನದ ಮೂಲಕ ಪಾಠಗಳನ್ನು ಬಿತ್ತರಿಸತೊಡಗಿತು. ಆಗಸ್ಟಿನಲ್ಲಿ 'ವಿದ್ಯಾಗಮ' ಬಂತು. ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಮರದ ಕೆಳಗೆ, ಜಗುಲಿಯ ಮೇಲೆ, ಸಮುದಾಯ ಭವನಗಳಲ್ಲಿ ಕಲಿಸಿದರು. ಸೋಂಕಿನ ಕಾರಣ ಅಕ್ಟೋಬರಿನಲ್ಲಿ ಅದೂ ನಿಂತಿತು. ನಾವು ನಮ್ಮ ಶಾಲೆಯಲ್ಲಿ ತರಗತಿಗೊಂದು ವಾಟ್ಸಾಪ್ ಗುಂಪನ್ನು ಮಾಡಿ, ಬೆಳಿಗ್ಗೆ ಪಾಠವನ್ನು ಕಳುಹಿಸಿ, ರಾತ್ರಿಯೊಳಗೆ ಬರೆದದ್ದರ ಚಿತ್ರ ತೆಗೆದು ಕಳುಹಿಸುವಂತೆ ಹೇಳಿದೆವು. ನಾನು ಪ್ರತಿ ರಾತ್ರಿ ಆ ಚಿತ್ರಗಳನ್ನು ನೋಡಿ ಗುರುತು ಹಾಕುತ್ತಿದ್ದೆ.

ಐದನೆಯ ತರಗತಿಯ ಒಬ್ಬಳು ಹುಡುಗಿಯ ಬರವಣಿಗೆ ಎಲ್ಲರಿಗಿಂತ ಅಂದವಾಗಿತ್ತು. ಮುತ್ತು ಪೋಣಿಸಿದಂತಹ ಅಕ್ಷರ. ಒಂದು ದಿನವೂ ತಪ್ಪಿಸಿದವಳಲ್ಲ. ಅವಳನ್ನು ಗುಂಪಿನಲ್ಲಿ ನಾನು ಎಷ್ಟೋ ಬಾರಿ ಹೊಗಳಿದೆ. ಇತರ ಮಕ್ಕಳಿಗೆ ಮಾದರಿಯಾಗಿ ತೋರಿಸಿದೆ. 2021ರ ಸೆಪ್ಟೆಂಬರಿನಲ್ಲಿ ಆರನೆಯ ತರಗತಿಯ ಮಕ್ಕಳಿಗೆ ಬಾಗಿಲು ತೆರೆದಾಗ, ಮೊದಲ ದಿನವೇ ಅವಳನ್ನು ಎಬ್ಬಿಸಿ, ಕನ್ನಡ ಪುಸ್ತಕದ ಒಂದು ಪುಟವನ್ನು ಎಲ್ಲರಿಗೂ ಕೇಳುವಂತೆ ಓದಲು ಹೇಳಿದೆ. ಅವಳು ಎದ್ದಳು, ಪುಸ್ತಕ ಹಿಡಿದಳು, ಓದಲಿಲ್ಲ. ಹೆದರಿರಬಹುದೆಂದು ಕೊಠಡಿಗೆ ಕರೆದು ಮೆಲ್ಲನೆ ಕೇಳಿದೆ. ಬಹಳ ಹೊತ್ತು ನೆಲ ನೋಡಿ ನಿಂತಿದ್ದು, "ಸಾರ್, ನನಗೆ ಓದೋಕೆ ಬರಲ್ಲ, ಬರೆಯೋಕೆ ಮಾತ್ರ ಬರುತ್ತೆ" ಎಂದಳು.

ಮನೆಯಲ್ಲಿದ್ದದ್ದು ಒಂದೇ ಫೋನು. ತಂದೆ ಗಾರೆ ಕೆಲಸಕ್ಕೆ ಬೆಳಿಗ್ಗೆ ಏಳಕ್ಕೆ ಹೊರಟರೆ ಫೋನೂ ಅವರೊಡನೆ ಹೋಗುತ್ತಿತ್ತು. ರಾತ್ರಿ ಅವರೊಡನೆ ಬರುತ್ತಿತ್ತು. ನಾವು ಕಳುಹಿಸಿದ ಪಾಠವನ್ನು ಆ ಮಗು ನೋಡಿದ್ದೇ ಇಲ್ಲ. ಸಂಜೆ ಪಕ್ಕದ ಮನೆಯ ಗೆಳತಿಯ ನೋಟ್ ಪುಸ್ತಕವನ್ನು ತಂದು, ಅಲ್ಲಿದ್ದ ಅಕ್ಷರಗಳನ್ನು ರಂಗೋಲಿಯ ಎಳೆಗಳಂತೆ ನೋಡಿ ನೋಡಿ ಬರೆದಿದ್ದಳು. ರಾತ್ರಿ ತಂದೆಯ ಫೋನಿನಿಂದ ಚಿತ್ರ ಕಳುಹಿಸಿದ್ದಳು. ಅದಕ್ಕೆ ನಾನು ಶಹಬಾಸ್ ಎಂದಿದ್ದೆ. ನಾಲ್ಕನೆಯ ತರಗತಿಯಲ್ಲಿ ತಡವರಿಸಿ ಓದುತ್ತಿದ್ದವಳು ಹದಿನೆಂಟು ತಿಂಗಳಲ್ಲಿ ಅದನ್ನೂ ಮರೆತಿದ್ದಳು.

ಪ್ರಿಯ ಬಂಧುಗಳೇ, ಇಲ್ಲಿ ತಪ್ಪು ಯಾರದು? ಫೋನಿನದೇ? ಅಲ್ಲ. ಕಾಪಿ ಬರವಣಿಗೆಯ ಹಳೆಯ ಪದ್ಧತಿಯದೇ? ಅದೂ ಅಲ್ಲ. ಅರ್ಥವಿಲ್ಲದ ಬರವಣಿಗೆ ಎಂಬ ಹಳೆಯ ದೋಷ ಮತ್ತು ಎದುರಿನಲ್ಲಿ ಮನುಷ್ಯನಿಲ್ಲದ ಪಾಠ ಎಂಬ ಹೊಸ ದೋಷ, ಇವೆರಡೂ ಒಂದೇ ಮಗುವಿನ ಮೇಲೆ ಸೇರಿ ಬಿದ್ದವು. ಅವಳನ್ನು ಒಂದೇ ಒಂದು ಸಾಲು ಓದಿಸಿದ್ದರೆ, ಒಂದೇ ಒಂದು ನಿಮಿಷದಲ್ಲಿ ಸತ್ಯ ಹೊರಬೀಳುತ್ತಿತ್ತು. ಅದೇ ಫೋನಿನಲ್ಲಿ ರಾತ್ರಿ ಒಂಬತ್ತಕ್ಕೆ ಕರೆಮಾಡಿ, "ಮಗು, ಇಂದಿನ ಪಾಠದ ಎರಡು ಸಾಲು ಓದಮ್ಮ" ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ಚಿತ್ರವನ್ನು ಕಂಡು ಮಗುವನ್ನು ಕಂಡೆನೆಂದು ಭ್ರಮಿಸಿದೆ. ಆ ತಪ್ಪು ನನ್ನದು.

ಪರಿಹಾರ ಹೇಗಾಯಿತೆಂಬುದನ್ನೂ ಹೇಳಬೇಕು. ಏಳನೆಯ ತರಗತಿಯ ಒಬ್ಬಳು ಹುಡುಗಿಯನ್ನು ಅವಳಿಗೆ ಜೊತೆಮಾಡಿದೆವು. ಪ್ರತಿ ಸಂಜೆ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ, ಜಗುಲಿಯ ಮೇಲೆ ಕುಳಿತು, ಹಿರಿಯಳು ಒಂದು ಸಾಲು ಓದುವುದು, ಕಿರಿಯಳು ಬೆರಳಿಟ್ಟು ಅದನ್ನೇ ಓದುವುದು. ಬಳಿಕ ಪುಸ್ತಕ ಮುಚ್ಚಿ ಅದರ ಅರ್ಥವನ್ನು ಆಡುಮಾತಿನಲ್ಲಿ ಹೇಳುವುದು. ಇದು ಬಳ್ಳಾರಿಯ ಹಳೆಯ ಪದ್ಧತಿ, ನಮ್ಮ ಉಪದೇಶಿಗಳ ಎರಡನೆಯ ಪ್ರಶ್ನೆಯೊಡನೆ ಸೇರಿದ್ದು. ಪ್ರತಿ ಶುಕ್ರವಾರ ಅವಳ ಓದನ್ನು ನನ್ನ ಫೋನಿನಲ್ಲಿ ಧ್ವನಿಮುದ್ರಿಸಿ, ಹಿಂದಿನ ವಾರದ ಓದಿನೊಂದಿಗೆ ಅವಳಿಗೇ ಕೇಳಿಸುತ್ತಿದ್ದೆ. ತನ್ನ ತಡವರಿಕೆ ಕಡಿಮೆಯಾಗುತ್ತಿರುವುದನ್ನು ತನ್ನ ಕಿವಿಯಿಂದಲೇ ಕೇಳಿದಾಗ ಆ ಮಗುವಿನ ಮುಖ ಅರಳುತ್ತಿದ್ದುದನ್ನು ನಾನು ಮರೆಯಲಾರೆ. ನಾನು ನೂರು ಬಾರಿ "ಚೆನ್ನಾಗಿ ಓದುತ್ತೀಯೆ" ಎಂದಿದ್ದರೂ ಅವಳು ನಂಬುತ್ತಿರಲಿಲ್ಲ. ನನ್ನ ಹೊಗಳಿಕೆಯ ಬೆಲೆ ಅವಳಿಗೆ ಗೊತ್ತಾಗಿತ್ತಲ್ಲ! ಯಂತ್ರವು ಸುಳ್ಳಿಲ್ಲದೆ ಸಾಕ್ಷಿ ಹೇಳಿತು. ಹಳೆಯದು ಕಲಿಸಿತು, ಹೊಸದು ತೋರಿಸಿಕೊಟ್ಟಿತು. ಬೇಸಿಗೆ ರಜೆಯ ಹೊತ್ತಿಗೆ ಅವಳು ಓದುತ್ತಿದ್ದಳು. ಕಲಿಸಿದ ಹಿರಿಯ ಹುಡುಗಿಯ ಓದೂ ಹಿಂದಿಗಿಂತ ಸ್ಪಷ್ಟವಾಗಿತ್ತು.

ಈಗ ಮಹಾಮಾರಿ ಕಳೆದಿದೆ, ಆದರೆ ಫೋನು ಉಳಿದಿದೆ. ಗ್ರಾಮೀಣ ಭಾರತದ ಮಕ್ಕಳನ್ನು ಕುರಿತ 'ಅಸರ್' ಸಮೀಕ್ಷೆಯ 2024ರ ವರದಿಯಂತೆ, 14ರಿಂದ 16 ವರ್ಷದ ಮಕ್ಕಳಲ್ಲಿ ನೂರಕ್ಕೆ 82 ಮಂದಿಗೂ ಹೆಚ್ಚು ಸ್ಮಾರ್ಟ್ ಫೋನ್ ಬಳಸಬಲ್ಲರು. ಹಿಂದಿನ ಒಂದು ವಾರದಲ್ಲಿ ಅದನ್ನು ಓದಿಗೆ ಸಂಬಂಧಿಸಿದ ಕೆಲಸಕ್ಕೆ ಬಳಸಿದವರು 57. ಸಾಮಾಜಿಕ ಜಾಲತಾಣಗಳಿಗೆ ಬಳಸಿದವರು 76. ಅಂದರೆ ಸಾಧನವು ಮಕ್ಕಳ ಕೈಗೆ ಬಂದಾಗಿದೆ. ಅದು ಬೇಕೋ ಬೇಡವೋ ಎಂಬ ಚರ್ಚೆಯ ಕಾಲ ಮೀರಿದೆ. ಯಾರ ಹಿಡಿತದಲ್ಲಿ ಯಾರು ಇರಬೇಕೆಂಬುದೇ ಈಗಿನ ಪ್ರಶ್ನೆ.

ಶ್ರೀಮಂತ ರಾಷ್ಟ್ರಗಳಿಗೂ ಈ ಪ್ರಶ್ನೆ ಬಂದಿದೆ. ಶಾಲೆಗಳಿಗೆ ಬಹು ಹಿಂದೆಯೇ ಕಂಪ್ಯೂಟರುಗಳನ್ನು ತಂದ ಸ್ವೀಡನ್ ದೇಶವು 2023ರಲ್ಲಿ ಮುದ್ರಿತ ಪಠ್ಯಪುಸ್ತಕಗಳನ್ನು ಮತ್ತೆ ಕೊಳ್ಳಲು ತನ್ನ ನಾಣ್ಯದಲ್ಲಿ 685 ಮಿಲಿಯನ್ ಕ್ರೋನರ್ ಹಣವನ್ನು ಮೀಸಲಿಟ್ಟಿತು. ಹಾಗೆಂದು ಅವರು ಕಂಪ್ಯೂಟರನ್ನು ಬಿಸಾಡಲಿಲ್ಲ. ಚಿಕ್ಕ ಮಕ್ಕಳ ಓದು ಬರಹಗಳಿಗೆ ಪುಸ್ತಕವೂ ಲೇಖನಿಯೂ ಮೊದಲು ಬರಬೇಕೆಂದು ನಿರ್ಧರಿಸಿದರು.

ಇದರ ಮೇಲೆ ಈಚೆಗೆ ಕೃತಕ ಬುದ್ಧಿಮತ್ತೆ ಬಂದಿದೆ. ಪ್ರಶ್ನೆಯನ್ನು ಹಾಕಿದರೆ ಸಾಕು, ಪ್ರಬಂಧವೇ ಸಿದ್ಧವಾಗಿ ಬರುತ್ತದೆ. ನನ್ನ ಹುಡುಗಿ ಗೆಳತಿಯ ಪುಸ್ತಕ ನೋಡಿ ಬರೆದಳು. ನಾಳಿನ ಮಗು ಯಂತ್ರದ ಉತ್ತರ ನೋಡಿ ಬರೆಯುತ್ತದೆ. ಅಕ್ಷರ ಅಂದವಾಗಿರುತ್ತದೆ, ತಪ್ಪುಗಳೂ ಇರುವುದಿಲ್ಲ, ತಲೆಯಲ್ಲಿ ಮಾತ್ರ ಏನೂ ಇರುವುದಿಲ್ಲ. 2025ರ ಜನವರಿ 28ರಂದು ವ್ಯಾಟಿಕನ್ ಪ್ರಕಟಿಸಿದ 'ಆಂತೀಕ್ವಾ ಎತ್ ನೋವಾ' ಎಂಬ ಪತ್ರವು ಈ ಅಪಾಯವನ್ನು ಸ್ಪಷ್ಟವಾಗಿ ಗುರುತಿಸಿದೆ. ವಿದ್ಯಾರ್ಥಿಯು ತಾನೇ ಹುಡುಕುವಂತೆ ಮಾಡುವ ಬದಲು ಸಿದ್ಧ ಉತ್ತರವನ್ನು ಕೊಟ್ಟುಬಿಡುವ ಸಾಧನಗಳ ಬಗ್ಗೆ ಅದು ಎಚ್ಚರಿಸುತ್ತದೆ. ಶಿಕ್ಷಕನ ಸಾಕ್ಷಾತ್ ಸಾನ್ನಿಧ್ಯವು ಕೊಡುವುದನ್ನು ಯಂತ್ರವು ಕೊಡಲಾರದೆಂದೂ ಹೇಳುತ್ತದೆ. ಹಾಗೆಯೇ ವಿವೇಕದಿಂದ ಬಳಸಿದರೆ ಈ ಸಾಧನಗಳು ಶಿಕ್ಷಣಕ್ಕೆ ನೆರವಾಗಬಲ್ಲವೆಂದೂ ಒಪ್ಪುತ್ತದೆ. ಪತ್ರದ ಹೆಸರಿನ ಅರ್ಥ 'ಹಳೆಯದು ಮತ್ತು ಹೊಸದು' ಎಂದು. ತನ್ನ ಭಂಡಾರದಿಂದ ಹೊಸ ವಸ್ತುಗಳನ್ನೂ ಹಳೆಯ ವಸ್ತುಗಳನ್ನೂ ಹೊರತೆಗೆಯುವ ಮನೆಯ ಯಜಮಾನನ ಸಾಮ್ಯವನ್ನು ಪ್ರಭು ಹೇಳಿದ್ದು ಸಂತ ಮತ್ತಾಯರ ಶುಭಸಂದೇಶದ ಹದಿಮೂರನೆಯ ಅಧ್ಯಾಯದಲ್ಲಿದೆ. ಆ ಯಜಮಾನನು ಒಂದನ್ನು ತೆಗೆಯಲು ಇನ್ನೊಂದನ್ನು ಹೊರಗೆಸೆಯಲಿಲ್ಲ. ಯಾವ ಹೊತ್ತಿಗೆ ಯಾವುದು ಬೇಕೆಂಬುದು ಅವನಿಗೆ ತಿಳಿದಿತ್ತು.

ಮಾನ್ಯ ಸಮಿತಿಯ ಸದಸ್ಯರೇ, ಈ ಯಜಮಾನನ ಸ್ಥಾನದಲ್ಲಿ ಇಂದು ತಾವಿದ್ದೀರಿ. ಆದ್ದರಿಂದ ಕಾಣಿಕೆಯ ವಿಷಯದಲ್ಲಿ ನನ್ನ ವಿನಮ್ರ ಸೂಚನೆಗಳನ್ನು ತಮ್ಮ ಮುಂದಿಡುತ್ತೇನೆ.

ಮೊದಲನೆಯದಾಗಿ, ಪ್ರತಿ ತರಗತಿಗೂ ಸ್ಮಾರ್ಟ್ ಬೋರ್ಡು ಬೇಡ. ಒಂದು ಕೊಠಡಿಗೆ ಒಂದು ಸಾಕು. ಸೀಮೆಸುಣ್ಣದಿಂದ ತೋರಿಸಲಾಗದ್ದನ್ನು ತೋರಿಸಲು ಅದು ಇರಲಿ: ಹೃದಯ ಮಿಡಿಯುವ ಬಗೆ, ಚಂದ್ರನ ಕಲೆಗಳು, ಕಡಲಿನ ಆಳದ ಜೀವಿಗಳು, ಇಂಗ್ಲಿಷ್ ಪದಗಳ ಸರಿಯಾದ ಉಚ್ಚಾರಣೆ. ಕೂಡಿಸುವ ಕಳೆಯುವ ಲೆಕ್ಕಕ್ಕೆ ಕರಿಹಲಗೆಯೇ ಸಾಕು.

ಎರಡನೆಯದಾಗಿ, ಉಳಿದ ಹಣದಲ್ಲಿ ಒಂದು ವಾಚನಾಲಯವಾಗಲಿ. ಮಕ್ಕಳಿಗೆ ತಕ್ಕ ಕನ್ನಡ ಪುಸ್ತಕಗಳು, ಒಳ್ಳೆಯ ದೀಪ, ಕೂರಲು ಚಾಪೆ. ಸಂಜೆ ಆರರಿಂದ ಎಂಟರವರೆಗೆ ಅದು ತೆರೆದಿರಲಿ. ಒಂದೇ ಕೋಣೆಯ ಮನೆಗಳಲ್ಲಿ, ಟಿ.ವಿ. ಸದ್ದಿನ ನಡುವೆ ಓದಲಾಗದ ಮಕ್ಕಳು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆಂಬುದು ಮನೆ ಮನೆಗೆ ಹೋಗುವ ಭಗಿನಿಯರಿಗೆ ಗೊತ್ತು. ಯಾವ ಮತದ ಮಗುವಾದರೂ ಅಲ್ಲಿ ಬಂದು ಓದಲಿ.

ಮೂರನೆಯದಾಗಿ, ನಾಲ್ಕೈದು ಟ್ಯಾಬ್ಲೆಟ್ಟುಗಳು ಶಾಲೆಯ ಆಸ್ತಿಯಾಗಿ ಆ ವಾಚನಾಲಯದಲ್ಲಿಯೇ ಇರಲಿ. ಮನೆಯಲ್ಲಿ ಫೋನಿಲ್ಲದ ಮಗುವಿಗೆ ಅವು ಮೊದಲು ಸಿಗಲಿ. ದೃಷ್ಟಿ ಮಂದವಾಗಿರುವ ಮಕ್ಕಳಿಗೆ ಅಕ್ಷರವನ್ನು ದೊಡ್ಡದು ಮಾಡಿ ತೋರಿಸುವ, ಪಾಠವನ್ನು ಓದಿ ಹೇಳುವ ಸೌಲಭ್ಯ ಇಂದು ಇದೆ. ಇಂತಹ ಮಗುವಿಗೆ ಅದು ಆಟಿಕೆಯಲ್ಲ, ಊರುಗೋಲು. ಹಳೆಯ ಪದ್ಧತಿಯು ಈ ಮಕ್ಕಳನ್ನು ಕೊನೆಯ ಬೆಂಚಿನಲ್ಲಿ ಕೂರಿಸಿ ಮರೆತಿತ್ತು ಎಂಬುದನ್ನು ನಾನು ಒಪ್ಪಿಕೊಳ್ಳಲೇಬೇಕು.

ನಾಲ್ಕನೆಯದಾಗಿ, ದುರಸ್ತಿಗೂ ಶಿಕ್ಷಕರ ತರಬೇತಿಗೂ ಹಣದ ಒಂದು ಪಾಲನ್ನು ಇಂದೇ ತೆಗೆದಿಡಿ. ಬೀಗ ಹಾಕಿದ ಕೋಣೆಯಲ್ಲಿ ಹೊದಿಕೆ ಹೊದ್ದು ಮಲಗಿದ ಯಂತ್ರಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಐದನೆಯದಾಗಿ, ಇದಕ್ಕೆ ಹಣ ಬೇಕಿಲ್ಲ. ಯಾವ ಪಾಠವನ್ನೇ ಆಗಲಿ, ಯಾವ ಸಾಧನದಿಂದಲೇ ಆಗಲಿ, ಮಗುವು ಒಬ್ಬ ಮನುಷ್ಯನ ಎದುರು ನಿಂತು ಓದಿ, ತನ್ನ ಮಾತಿನಲ್ಲಿ ಅರ್ಥ ಹೇಳುವವರೆಗೆ ಅದನ್ನು ಕಲಿತಂತೆ ಎಣಿಸಬಾರದು. ಈ ಒಂದು ನಿಯಮವನ್ನು ನಮ್ಮ ಶಾಲೆ ಪಾಲಿಸಿದರೆ, ಯಾವ ಹೊಸ ಯಂತ್ರ ಬಂದರೂ ನಾವು ಹೆದರಬೇಕಾಗಿಲ್ಲ.

ತಾಯಂದಿರಿಗೂ ತಂದೆಯರಿಗೂ ಒಂದು ಮಾತು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯಲ್ಲಿ, ಮಕ್ಕಳಿಗೆ ಮೊದಲ ಹಾಗೂ ಮುಖ್ಯ ಶಿಕ್ಷಕರು ತಂದೆತಾಯಿಗಳೇ ಎಂದು ಸಾರಿದೆ. "ನಮಗೆ ಓದು ಬರದು, ಸಾರ್, ನಾವೇನು ಹೇಳಿಕೊಡಬಲ್ಲೆವು?" ಎಂದು ಎಷ್ಟೋ ತಾಯಂದಿರು ನನ್ನನ್ನು ಕೇಳಿದ್ದಾರೆ. ಅಮ್ಮಂದಿರೇ, ನೀವು ಹೇಳಿಕೊಡಬೇಕಾಗಿಲ್ಲ, ಕೇಳಿದರೆ ಸಾಕು. ರಾತ್ರಿ ಜಪಸರ ಮುಗಿದ ಮೇಲೆ ಹತ್ತು ನಿಮಿಷ ಎಲ್ಲರ ಫೋನುಗಳನ್ನೂ, ಮುಖ್ಯವಾಗಿ ನಿಮ್ಮದನ್ನೂ, ಮೂಲೆಯ ಮೇಜಿನ ಮೇಲಿಟ್ಟು, "ಇವತ್ತು ಏನು ಕಲಿತೆ, ನನಗೂ ತಿಳಿಯುವ ಹಾಗೆ ಹೇಳು ಕಂದ" ಎನ್ನಿ. ಓದು ಬಾರದ ತಾಯಿಗೆ ತಿಳಿಯುವಂತೆ ಹೇಳಬಲ್ಲ ಮಗುವು ಪಾಠವನ್ನು ನಿಜವಾಗಿ ಕಲಿತಿದೆ. ಆ ಪರೀಕ್ಷೆಯನ್ನು ನಿಮಗಿಂತ ಚೆನ್ನಾಗಿ ನಡೆಸಬಲ್ಲವರು ಯಾರೂ ಇಲ್ಲ.

ಕೊನೆಯದಾಗಿ, ಆ ಹುಡುಗಿಯ ವಿಷಯ. ಅವಳು ಈಗ ನಮ್ಮ ಶಾಲೆಯನ್ನು ಬಿಟ್ಟು ಪ್ರೌಢಶಾಲೆಯನ್ನು ಸೇರಿದ್ದಾಳೆ. ಒಂದು ಭಾನುವಾರ ಮಕ್ಕಳ ಪೂಜೆಯಲ್ಲಿ ಮೊದಲನೆಯ ವಾಚನವನ್ನು ಓದಲು ಅವಳು ಪೀಠದ ಬಳಿಗೆ ಬಂದಳು. ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಎರಡು ಕಡೆ ತಡವರಿಸಿದಳು, ನಿಂತಳು, ಮತ್ತೆ ಸರಿಯಾಗಿ ಓದಿ ಮುಗಿಸಿದಳು. ಅವಳ ದನಿಯನ್ನು ದೇವಾಲಯದ ಮೂಲೆ ಮೂಲೆಗೆ ತಲುಪಿಸಿದ್ದು ಧ್ವನಿವರ್ಧಕ ಎಂಬ ಯಂತ್ರ. ಆದರೆ ದನಿಯು ಅವಳದಾಗಿತ್ತು. ಯಂತ್ರಕ್ಕೆ ನಾವು ಕೊಡಬೇಕಾದ ಸ್ಥಾನ ಅಷ್ಟು, ಮಗುವಿಗೆ ಕೊಡಬೇಕಾದ ಸ್ಥಾನ ಅಷ್ಟು ಎಂದು ಅಂದು ನನಗೆ ತೋರಿತು.

ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ದೇವಾಲಯವನ್ನು ಕಟ್ಟಿದಾಗ ಪಕ್ಕದಲ್ಲಿ ಶಾಲೆಗೂ ಜಾಗ ಬಿಟ್ಟರು. ಆ ದೂರದೃಷ್ಟಿಗೆ ತಕ್ಕವರಾಗಿ ನಾವು ನಡೆಯುವಂತೆ ದೇವರು ನಮ್ಮೆಲ್ಲರಿಗೂ ವಿವೇಕವನ್ನು ದಯಪಾಲಿಸಲೆಂದು ಪ್ರಾರ್ಥಿಸುತ್ತೇನೆ.